ಇಪ್ಪತ್ತು ನಿಮಿಷದ ಗೋಡೆ

ಅಧ್ಯಕ್ಷರ ಮುಂದಿಟ್ಟ ನೀರಿನ ಲೋಟದ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿದೆ ಎಂದು ಎದ್ದು ಹೇಳಬೇಕೋ ಬೇಡವೋ ಎಂದು ಅವಳು ಹತ್ತು ನಿಮಿಷದಿಂದ ಒದ್ದಾಡುತ್ತಿದ್ದಳು. ಏಳನೆಯ ಸಾಲಿನಿಂದ ಅದು ಕಾಣಿಸುವುದುಂಟೆ ಎಂದು ಬೇರೆಯವರು ನಗಬಹುದು. ಅವಳಿಗೆ ಕಾಣಿಸುತ್ತಿತ್ತು. ಇಪ್ಪತ್ತಾರು ವರ್ಷ ಸೀಸೆ ಕಾರ್ಖಾನೆಯಲ್ಲಿ ಬೆಳಕಿನ ಹಲಗೆಯ ಮುಂದೆ ಕೂತು, ಸಾಲಾಗಿ ಸರಿದುಹೋಗುವ ಸೀಸೆಗಳಲ್ಲಿ ಸೀಳು, ಗುಳ್ಳೆ, ಸೊಟ್ಟ ಕತ್ತು ಹುಡುಕಿ ಎತ್ತಿ ಬಿಸಾಡಿದ ಕಣ್ಣು ಅದು. ಕೆಲಸ ಹೋಗಿ ಆರು ತಿಂಗಳಾಗುತ್ತ ಬಂದರೂ ಕಣ್ಣಿಗೆ ಇನ್ನೂ ಆ ಸುದ್ದಿ ಮುಟ್ಟಿರಲಿಲ್ಲ. ಬಸ್ಸಿನ ಕಿಟಕಿ, ಔಷಧಿ ಅಂಗಡಿಯ ಕಪಾಟು, ಪಕ್ಕದಲ್ಲಿ ಕೂತವರ ಕನ್ನಡಕ, ಎಲ್ಲವನ್ನೂ ಅದು ತನ್ನ ಪಾಡಿಗೆ ತಾನು ತಪಾಸಣೆ ಮಾಡುತ್ತಲೇ ಇತ್ತು. ಅಧ್ಯಕ್ಷರು ಲೋಟ ಎತ್ತಿ ಗಟಗಟ ಕುಡಿದು ಕೆಳಗಿಟ್ಟರು. ಏನೂ ಆಗಲಿಲ್ಲ. ಎಲ್ಲ ಸೀಳೂ ಒಡೆಯುವುದಿಲ್ಲ. ಒಡೆಯುವುದು ಯಾವುದೆಂದು ಮೊದಲೇ ಹೇಳಲಾಗದ್ದರಿಂದಲೇ ಅವಳಂಥವರಿಗೆ ಸಂಬಳ ಕೊಡುತ್ತಿದ್ದರು.

ಸಭಾಂಗಣ ಕಿಕ್ಕಿರಿದಿತ್ತು. ನಿರುದ್ಯೋಗ ಭತ್ಯೆಯನ್ನು ಆರು ತಿಂಗಳಿನಿಂದ ಒಂದು ವರ್ಷಕ್ಕೆ ಏರಿಸಬೇಕೋ ಬೇಡವೋ ಎಂದು ಸರ್ಕಾರ ಸಾರ್ವಜನಿಕರನ್ನು ಕೇಳುತ್ತಿದೆಯಂತೆ. ಕೇಳುವ ಚಂದ ನೋಡಬೇಕು. ವೇದಿಕೆಯ ಮೇಲೆ ಮೂವರು, ಪಕ್ಕದಲ್ಲಿ ಎಲ್ಲವನ್ನೂ ಟೈಪ್ ಮಾಡಿಕೊಳ್ಳುವ ಒಬ್ಬ ಹೆಂಗಸು, ಕೆಳಗೆ ಒಂದು ಮೈಕು, ಒಬ್ಬೊಬ್ಬರಿಗೆ ಐದೈದು ನಿಮಿಷ. ಎಡಗಡೆಯ ಕುರ್ಚಿಗಳು ಬೇಕು ಎನ್ನುವವರಿಗೆ, ಬಲಗಡೆಯವು ಬೇಡ ಎನ್ನುವವರಿಗೆ. ಬೈತಲೆ ತೆಗೆದಂತೆ ಮಧ್ಯದಲ್ಲಿ ದಾರಿ. ಅವಳ ಆರು ತಿಂಗಳು ಮುಗಿಯುವುದಕ್ಕೆ ಇನ್ನು ಹನ್ನೊಂದು ದಿನ ಉಳಿದಿತ್ತು. ವರ್ಷಕ್ಕೇರಿದರೆ ಬದುಕಿದಳು, ಇಲ್ಲದಿದ್ದರೆ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ, ತಮ್ಮನ ಹೆಂಡತಿಯ ಮುಖ ನೋಡಿಕೊಂಡು, ಹಂಗಿನ ಅನ್ನ. ಈಗಲಾದರೆ ಅದೇ ಕೋಣೆಯಲ್ಲಿದ್ದರೂ ತಿಂಗಳ ಮೊದಲ ದಿನ ಅಡಿಗೆಮನೆಯ ಡಬ್ಬಿಯ ಕೆಳಗೆ ತನ್ನ ಪಾಲಿನ ದುಡ್ಡು ಇಟ್ಟು, ಆ ದಿನ ಒಂದಿಷ್ಟು ಜೋರಾಗಿಯೇ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಷ್ಟು ಸ್ವಾತಂತ್ರ್ಯವೂ ಹೋಗುವುದಿತ್ತು.

ಬಲಗಡೆಯ ಮೊದಲ ಸಾಲಿನಲ್ಲಿ ತಮ್ಮ ಕೂತಿದ್ದ. ಅಂಗಡಿಕಾರರ ಸಂಘದ ಕಾರ್ಯದರ್ಶಿ, ದೀಪ ಮತ್ತು ಗಾಜಿನ ಸಾಮಾನಿನ ವ್ಯಾಪಾರಿ, ಬೇಡ ಎನ್ನುವವರ ಪರವಾಗಿ ಮಾತಾಡಲು ಬಂದವನು. ಅವನ ಬೆನ್ನಿನ ಮೇಲಿನ ಇಸ್ತ್ರಿಯ ಗೆರೆ ಅವಳು ಬೆಳಿಗ್ಗೆ ಎದ್ದು ಹಾಕಿದ್ದು. "ಅಕ್ಕಾ, ನೀನು ಬರೋದು ಬೇಡ, ಸುಮ್ಮನೆ ನಿನಗೂ ಬೇಜಾರು, ನನಗೂ ಮುಜುಗರ" ಎಂದು ಅಂಗಿಯೊಳಗೆ ಕೈ ತೂರಿಸುತ್ತ ಹೇಳಿದ್ದ. ಅವಳು "ಆಯ್ತಪ್ಪ" ಎಂದು ಕಾಲರು ಸರಿ ಮಾಡಿದ್ದಳು. ಎಂಥ ಮೂರ್ಖಳು! ತನ್ನನ್ನು ಹೂಳುವವನಿಗೆ ತಾನೇ ಗುದ್ದಲಿ ಉಜ್ಜಿ ಕೊಟ್ಟಂತಾಗಿತ್ತು. ಅವನ ಬೈಕು ಬೀದಿಯ ತಿರುವು ದಾಟಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟವಳು, ಇಲ್ಲಿ ಬಂದು ಎಡಗಡೆ ಕೂರುವ ಧೈರ್ಯವಾಗದೆ, ಬಲಗಡೆ ಕೂರಲು ಮನಸ್ಸಾಗದೆ, ಕೊನೆಗೆ ಎಡಸಾಲಿನ ತುದಿಯ ಕುರ್ಚಿಯಲ್ಲಿ, ದಾರಿಗೆ ಒಂದು ಕಾಲು ಚಾಚಿಕೊಂಡು ಕೂತಿದ್ದಳು.

ಬೇಕು ಎನ್ನುವವರ ಪರವಾಗಿ ಮೊದಲು ಎದ್ದವರು ಕೆಲಸ ಕಳೆದುಕೊಂಡವರ ಸಂಘದ ಟೀಚರ್. ನಿವೃತ್ತ ಶಿಕ್ಷಕಿ, ಒಳ್ಳೆಯವರು, ಎಲ್ಲ ಮೆರವಣಿಗೆಯಲ್ಲೂ ಮುಂದಿರುವವರು. ವಾರದ ಹಿಂದೆ ಅವಳನ್ನು ರಸ್ತೆಯಲ್ಲಿ ಹಿಡಿದು ನಿಲ್ಲಿಸಿ, "ನೀವೂ ಎರಡು ಮಾತಾಡಿ. ನಿಮ್ಮಂಥವರು ಮಾತಾಡಿದ್ರೆ ಅದರ ತೂಕವೇ ಬೇರೆ. ಮಧ್ಯೆ ಅಳು ಬಂದ್ರೂ ಪರವಾಗಿಲ್ಲ, ತಡೀಬೇಡಿ" ಎಂದಿದ್ದರು. ಅವಳು ಆಗುವುದಿಲ್ಲ ಎಂದಿದ್ದಳು. ಈಗ ಟೀಚರ್ ಅವಳ ಪಾಲಿನ ಅಳುವನ್ನೂ ತಾವೇ ಅಳುತ್ತಿದ್ದರು. "ಈ ಪಾಪದ ಜೀವಗಳು," ಎಂದರು. "ಈ ನಿಸ್ಸಹಾಯಕರು, ಈ ದನಿಯಿಲ್ಲದವರು." ಇಡೀ ಎಡಭಾಗ ತಲೆ ತಗ್ಗಿಸಿ ಪಾಪದ ಜೀವದಂತೆ ಕೂತಿತು. ಅವಳಿಗೆ ಮೈ ಉರಿಯಿತು. ದನಿ ಇಲ್ಲವೆ? ಕುಲುಮೆ, ಕಂಪ್ರೆಸರು, ಸೀಸೆ ಹೊತ್ತು ಓಡುವ ಸಾಗಣೆ ಪಟ್ಟಿ ಇಷ್ಟರ ಗದ್ದಲದ ನಡುವೆ ಪಟ್ಟಿಯ ಆ ತುದಿಯಲ್ಲಿದ್ದವನಿಗೆ "ಅಚ್ಚು ಬಿರುಕು ಬಿಟ್ಟಿದೆ, ನಿಲ್ಸೋ" ಎಂದು ಕೂಗಿ ಕೇಳಿಸುತ್ತಿದ್ದ ಗಂಟಲು ಅವಳದು. ಟೀಚರಿಗೆ ಚಪ್ಪಾಳೆ ಬಿತ್ತು. ಅವಳೂ ತಟ್ಟಿದಳು, ತಟ್ಟದಿದ್ದರೆ ಕೃತಘ್ನಳಾಗುತ್ತೇನೆಂದು.

ಇಪ್ಪತ್ತು ನಿಮಿಷ ನೋಡುವುದು, ಇಪ್ಪತ್ತು ನಿಮಿಷ ಕೂರುವುದು. ಅದು ಅವಳ ಕೆಲಸದ ಕಟ್ಟಳೆ. ಬೆಳಗುವ ಹಲಗೆಯ ಮುಂದೆ ನಿಮಿಷಕ್ಕೆ ನೂರಿಪ್ಪತ್ತು ಸೀಸೆ ಹಾಯುವಾಗ ಇಪ್ಪತ್ತು ನಿಮಿಷದ ಮೇಲೆ ಯಾರ ಕಣ್ಣೂ ಕಣ್ಣಾಗಿ ಉಳಿಯುವುದಿಲ್ಲ; ನೋಡುತ್ತಿರುತ್ತದೆ, ಕಾಣುವುದಿಲ್ಲ. ಹಾಗಾಗಿ ಪಕ್ಕದ ಕೋಣೆಯಲ್ಲಿ ಮಂಕು ಹಸಿರು ಬಳಿದ ಗೋಡೆ, ಅದರೆದುರು ನಾಲ್ಕು ಕುರ್ಚಿ. ಹೋಗಿ ಕೂತು ಗೋಡೆ ನೋಡಬೇಕು. ಹೊಲಿಗೆ ಕೂಡದು, ಪತ್ರಿಕೆ ಕೂಡದು, ಕಣ್ಣು ಮುಚ್ಚಿದರೆ ನಿದ್ದೆ ಬರುತ್ತದೆಂದು ಅದೂ ಕೂಡದು. ಹೊಸಬರು ಬಂದಾಗ ಕೂರುವುದನ್ನು ಕಲಿಸುವುದೇ ಕಷ್ಟವಾಗುತ್ತಿತ್ತು. ಎದ್ದೆದ್ದು ಓಡಾಡುತ್ತಿದ್ದರು, ನಾಚಿಕೊಳ್ಳುತ್ತಿದ್ದರು. ಬೇರೆ ವಿಭಾಗದವರು ಬಾಗಿಲಲ್ಲಿ ಹಣಕಿ, "ಏನಮ್ಮಾ ಮಹಾರಾಣಿ, ದರ್ಬಾರು ಮುಗೀತಾ?" ಎಂದು ಕಿಚಾಯಿಸುತ್ತಿದ್ದರು. ಕೊನೆಯ ವರ್ಷ ಬಂದ ಮ್ಯಾನೇಜರಿಗೆ ಆ ಕುರ್ಚಿಗಳನ್ನು ಕಂಡರೆ ಹೊಟ್ಟೆಯೊಳಗೆ ಖಾರ ಕಲಸಿದಂತೆ. ಅರ್ಧ ಪಾಳಿ ಗೋಡೆ ನೋಡುವವರಿಗೆ ಪೂರ್ತಿ ಸಂಬಳ ಯಾಕೆ ಎಂದು ಕೇಳಿ, ಕೂರುವ ಇಪ್ಪತ್ತನ್ನು ಐದು ಮಾಡಿದ. ನಾಲ್ಕನೆಯ ವಾರ ಒಂದು ಪತ್ರ ಬಂತು. ಯಾವುದೋ ಊರಿನ ಒಬ್ಬ ಹೆಂಗಸು ಮುಚ್ಚಳ ತಿರುಗಿಸುವಾಗ ಸೀಸೆಯ ಕತ್ತು ಸೀಳಿ ಅಂಗೈಯ ನರ ಕತ್ತರಿಸಿಕೊಂಡಿದ್ದಳು. ಸೀಸೆಯ ತಳದ ಗುರುತು ನೋಡಿದರೆ ಇವಳ ಪಾಳಿ. ಆ ಸೀಸೆ ತನ್ನ ಮುಂದೆ ಹಾದಿತ್ತು, ತಾನು ನೋಡಿದ್ದಳು, ಕಂಡಿರಲಿಲ್ಲ. ಈಗಲೂ ಕೆಲವು ಬೆಳಗು ಮುಖ ತೊಳೆಯುವಾಗ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಮ್ಯಾನೇಜರು ಆ ಪತ್ರ ತೋರಿಸಿ ಸೀಸೆ ನೋಡಲು ಕ್ಯಾಮೆರಾ ತರಿಸಿದ. ಕ್ಯಾಮೆರಾಕ್ಕೆ ಗೋಡೆ ಬೇಕಿಲ್ಲ. ಹನ್ನೆರಡು ಜನ ಮನೆಗೆ ಹೋದರು.

ಅಪರಾಧ ಅದೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಎದೆಯಲ್ಲಿ ಇನ್ನೊಂದು ಮುಳ್ಳಿತ್ತು, ಅದು ಹೊಸದು. ಪ್ರತಿ ಸೋಮವಾರ ಭತ್ಯೆ ಕಚೇರಿಯ ಮೂರನೆಯ ಕಿಟಕಿಯ ಗುಮಾಸ್ತ ತಲೆ ಎತ್ತದೆ ಕೇಳುತ್ತಾನೆ: "ಕಳೆದ ವಾರ ಎಲ್ಲಾದರೂ ಕೆಲಸ ಮಾಡಿದ್ರಾ? ಕೂಲಿ ಸಿಗಲಿ, ಬಿಡಲಿ." ಇಲ್ಲ ಎನ್ನಬೇಕು. ಹೌದು ಎಂದರೆ ಭತ್ಯೆ ಅಂದಿಗೇ ನಿಂತಿತು. ಐದು ತಿಂಗಳು ಅವಳ "ಇಲ್ಲ" ಅಪ್ಪಟ "ಇಲ್ಲ" ಆಗಿತ್ತು. ಆಮೇಲೆ ಒಂದು ದಿನ ತಮ್ಮ ಊಟದ ನಡುವೆ, "ಅಕ್ಕಾ, ಗಾಜಿನ ದೀಪದ ಬುರುಡೆಗಳು ಬಂದಿವೆ, ಅರ್ಧಕ್ಕರ್ಧ ಸೀಳು ಅಂತ ಗುಮಾನಿ. ನಿನ್ನ ಕಣ್ಣಿದೆಯಲ್ಲ, ಸ್ವಲ್ಪ ನೋಡಿ ಕೊಡ್ತೀಯಾ?" ಎಂದ. ಅವಳು ತುತ್ತನ್ನು ಕೈಯಲ್ಲೇ ಹಿಡಿದು ಕೂತಳು. ನಿನ್ನ ಕಣ್ಣಿದೆಯಲ್ಲ! ಆ ಮಾತು ಕೇಳಿ ಎಷ್ಟು ದಿನವಾಗಿತ್ತು. ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಒಂದು ಬಲ್ಬು ನೇತುಹಾಕಿ, ಅದರ ಹಿಂದೆ ಬಿಳಿ ರಟ್ಟು ನಿಲ್ಲಿಸಿ, ಮೂರು ವಾರ ಒಂದೊಂದನ್ನೂ ತಿರುಗಿಸಿ ನೋಡಿದಳು. ಇಪ್ಪತ್ತು ನಿಮಿಷ ನೋಡಿ, ಇಪ್ಪತ್ತು ನಿಮಿಷ ಉಗ್ರಾಣದ ಗೋಡೆ ಎದುರು ಕೂತಳು. ಅವಳ ಜನ್ಮಕ್ಕೆ ಅಂಟಿದ ಅಭ್ಯಾಸ. ಬೇರೆ ಯಾರಾದರೂ ಆಗಿದ್ದರೆ ಮಾಲೀಕ ಬಂದಾಗ ಎದ್ದು ಪೊರಕೆಯನ್ನಾದರೂ ಹಿಡಿಯುತ್ತಿದ್ದರು, ಅವಳು ಏಳಲಿಲ್ಲ. ಕೂಲಿಯ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮನೆಯವರ ನಡುವೆ ಎಂಥ ಕೂಲಿ! ಆ ಮೂರು ಸೋಮವಾರವೂ ಕಿಟಕಿಯಲ್ಲಿ "ಇಲ್ಲ" ಎಂದಳು. ಗುಮಾಸ್ತ ತಲೆ ಎತ್ತಲಿಲ್ಲ. ಕಿವಿ ಕೆಂಪಾದದ್ದು ಅವಳಿಗೆ ಮಾತ್ರ ಗೊತ್ತು.

ತಮ್ಮ ಮೈಕಿನ ಮುಂದೆ ನಿಂತ. ಅವನು ಚೆನ್ನಾಗಿ ಮಾತಾಡುತ್ತಾನೆ, ಚಿಕ್ಕಂದಿನಿಂದಲೂ ಹಾಗೆಯೇ. ಶಾಲೆಯಲ್ಲಿ ಬಹುಮಾನ ತಂದಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿಯುದ್ದಕ್ಕೂ ತೋರಿಸಿದವಳು ಅವಳೇ. "ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ" ಎಂದು ಶುರು ಮಾಡಿದ. ಬಲಭಾಗ ತಲೆದೂಗಿತು. "ನನ್ನ ಅಂಗಡೀಲಿ ಪೆಟ್ಟಿಗೆ ಎತ್ತೋಕೆ ಒಂದಾಳು ಸಿಗಲ್ಲ ಸ್ವಾಮಿ. ಯಾಕೆ ಸಿಗ್ತಾರೆ? ಕೂತಲ್ಲಿಗೇ ಬರ್ತಿದೆಯಲ್ಲ! ಆರು ತಿಂಗಳು ಕೂತವರು ವರ್ಷ ಕೂರ್ತಾರೆ, ವರ್ಷ ಕೂತವರಿಗೆ ಏಳೋದೇ ಮರೆತುಹೋಗುತ್ತೆ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಅವಳ ಕೈ ನಿಜಕ್ಕೂ ಹೆಗಲಿಗೆ ಹೋಯಿತು, ಸೆರಗು ಸರಿಪಡಿಸಿಕೊಳ್ಳುವ ನೆವದಲ್ಲಿ. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಗೆದ್ದಿದ್ದ. ಆದರೆ ಸಭೆ ನಗುವ ಹುಮ್ಮಸ್ಸಿನಲ್ಲಿತ್ತು, ಅವನಿಗೆ ನಗಿಸುವ ಹುಮ್ಮಸ್ಸು ಬಂತು.

"ಒಂದು ಉದಾಹರಣೆ ಹೇಳ್ತೀನಿ. ಹೆಸರು ಬೇಡ," ಎಂದ. "ನನಗೆ ತೀರಾ ಹತ್ತಿರದಿಂದ ಗೊತ್ತಿರೋರು ಒಬ್ಬರಿದ್ದಾರೆ. ಭತ್ಯೆ ತಗೋತಾರೆ. ಅವರಿಗೆ ಒಂದು ಕೆಲಸ ಕೊಟ್ಟು ನೋಡಿ, ಗಡಿಯಾರ ಇಟ್ಕೊಂಡು ಇಪ್ಪತ್ತು ನಿಮಿಷ ಮಾಡ್ತಾರೆ. ಆಮೇಲೆ? ಇಪ್ಪತ್ತು ನಿಮಿಷ ಕುರ್ಚಿ ಎಳ್ಕೊಂಡು ಗೋಡೆ ನೋಡ್ತಾ ಕೂರ್ತಾರೆ! ಬರೀ ಗೋಡೆ ಸ್ವಾಮಿ! ಒಂದು ಚಿತ್ರಪಟ ಕೂಡ ಇಲ್ಲ!" ಸಭೆ ಗೊಳ್ಳೆಂದು ನಕ್ಕಿತು. ಬಲಗಡೆಯವರು ನಕ್ಕರು, ವೇದಿಕೆಯ ಮೇಲಿನ ಮೂವರಲ್ಲಿ ಇಬ್ಬರು ನಕ್ಕರು, ಎಡಗಡೆಯ ಪಾಪದ ಜೀವಗಳೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕವು. ಟೀಚರ್ ಮಾತ್ರ ನಗಲಿಲ್ಲ. ಅವರಿಗೆ ಹಾಸ್ಯ ತಡವಾಗಿ ತಲುಪುತ್ತದೆ.

ಅವಳಿಗೆ ಮೊದಲು ಅನ್ನಿಸಿದ್ದು ನಾಚಿಕೆ. ಕಾಲು ಚಾಚಿದ್ದನ್ನು ಒಳಕ್ಕೆಳೆದುಕೊಂಡಳು. ಹದಿನೇಳು ವರ್ಷದವಳಿದ್ದಾಗ ಇದೇ ತಮ್ಮ ನೆಂಟರ ಮುಂದೆ ಅವಳ ಹರಿದ ರವಿಕೆಯ ತೇಪೆ ತೋರಿಸಿ ನಗಿಸಿದ್ದ, ಆಗ ಅವನಿಗೆ ಏಳು ವರ್ಷ. ಆಗಲೂ ಅವಳು ನಕ್ಕು ಒಳಗೆ ಹೋಗಿದ್ದಳು. ಈಗಲೂ ಒಳಗೆ ಹೋಗಬಹುದು, ಬಾಗಿಲು ಹತ್ತಿರದಲ್ಲೇ ಇದೆ. ಆದರೆ ಆ ಹಾಳು ಕಣ್ಣು ಕೆಲಸ ಮಾಡಿಬಿಟ್ಟಿತ್ತು. ಅವನ ಮಾತು ಸಾಗಣೆ ಪಟ್ಟಿಯ ಮೇಲೆ ಬಂದಂತೆ ಬಂದು, ಬೆಳಕಿನ ಮುಂದೆ ಒಂದು ಸುತ್ತು ತಿರುಗಿ, ಕತ್ತಿನ ಹತ್ತಿರ ಸೀಳು ತೋರಿಸಿತು. ಕಾರ್ಖಾನೆಯೊಳಗೆ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಮನೆಯಲ್ಲಿ ಅವಳು ಗೋಡೆ ನೋಡುವವಳಲ್ಲ. ಇಪ್ಪತ್ತು ನಿಮಿಷ ಕೆಲಸ, ಇಪ್ಪತ್ತು ನಿಮಿಷ ಗೋಡೆ, ಇದನ್ನು ಇವನು ಎಲ್ಲಿ ಕಂಡ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಬಾಯಿಂದ ಆ ಮಾತು ಹೋಗಿಬಿಟ್ಟಿತ್ತು, ಆದರೆ ಇಷ್ಟು ಜನರಲ್ಲಿ ಅದು ಒಡಕೆಂದು ಕಂಡದ್ದು ಅವಳೊಬ್ಬಳಿಗೆ. ಎತ್ತಿ ತೋರಿಸಿದರೆ ಅವಳ ಭತ್ಯೆಯೂ ಇವತ್ತೇ ನಿಲ್ಲುತ್ತದೆ. ಹನ್ನೊಂದು ದಿನದ್ದು ಮಾತ್ರವಲ್ಲ, ನಾಳೆ ವರ್ಷಕ್ಕೇರಿದರೆ ಆ ಇನ್ನಾರು ತಿಂಗಳದ್ದೂ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಂತೆ. ಸುಮ್ಮನಿದ್ದರೆ? ಸುಮ್ಮನಿದ್ದರೆ ಈ ನಗು ಟೈಪ್ ಆಗಿ ಕಡತ ಸೇರುತ್ತದೆ, ಗೋಡೆ ನೋಡುವ ಸೋಮಾರಿ ಹೆಂಗಸಾಗಿ ಅವಳು ಸರ್ಕಾರದ ಕಪಾಟಿನಲ್ಲಿ ಶಾಶ್ವತವಾಗಿ ಕೂರುತ್ತಾಳೆ, ಅವಳ ಹಿಂದೆ ಇಡೀ ಎಡಭಾಗ. ಇನ್ನೊಂದು ಒಡಕು ತನ್ನ ಮುಂದೆ ಹಾದುಹೋಗಲು ಬಿಟ್ಟಂತಾಗುತ್ತದೆ. ಅದೊಂದು ಆಗಲಾರದು. ಇದು ಧೈರ್ಯವಲ್ಲ, ಹಟ. ಅವಳಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು, ಹಟವೇ ಗಟ್ಟಿ.

"ಸ್ವಾಮಿ, ಅವರನ್ನ ಒಂದು ಮಾತು ಕೇಳಿ," ಎಂದು ಕೂತಲ್ಲಿಂದಲೇ ಕೂಗಿದಳು. ಮೈಕು ಬೇಕಾಗಲಿಲ್ಲ. ನಗು ತಟ್ಟನೆ ನಿಂತಿತು.

"ನಿಮ್ಮ ಹೆಸರು ಪಟ್ಟೀಲಿದೆಯೇನಮ್ಮಾ?" ಎಂದರು ಅಧ್ಯಕ್ಷರು.

"ಪಟ್ಟೀಲಿಲ್ಲ. ಅವರ ಭಾಷಣದಲ್ಲಿದ್ದೀನಿ. ಆ ಗೋಡೆ ನೋಡೋಳು ನಾನೇ." ಎದ್ದು ನಿಂತಳು. "ನಾನು ಕೆಲಸ ಮಾಡಿ ಕೂತದ್ದನ್ನ ಅವರು ಎಲ್ಲಿ ನೋಡಿದ್ರು, ಅದನ್ನ ಕೇಳಿ."

ತಮ್ಮ ತಿರುಗಿ ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಬೇಸರ, ಆಮೇಲೆ ಲೆಕ್ಕಾಚಾರ, ಆಮೇಲೆ ಒಮ್ಮೆಲೇ ಏಳು ವರ್ಷದ ಮುಖ. "ಅಕ್ಕಾ, ಕೂತ್ಕೋ," ಎಂದ ಮೆತ್ತಗೆ. ಮೈಕು ಅದನ್ನೂ ಇಡೀ ಸಭೆಗೆ ಕೇಳಿಸಿತು.

"ಎಷ್ಟು ಕೂರಲಿ? ಕೂತರೂ ತಪ್ಪು, ಎದ್ದರೂ ತಪ್ಪು." ಯಾರೋ ಕಿಸಕ್ಕೆಂದರು. ಅವಳು ವೇದಿಕೆಯ ಕಡೆಗೆ ತಿರುಗಿದಳು. "ಅವರ ಅಂಗಡಿ ಉಗ್ರಾಣದಲ್ಲಿ ಮೂರು ವಾರ ಗಾಜು ನೋಡಿದೆ ಸ್ವಾಮಿ. ಒಡಕನ್ನೆಲ್ಲ ಆರಿಸಿ ಕೊಟ್ಟೆ, ಅವರು ವಾಪಸ್ ಕಳಿಸಿದ್ರು. ಕೂಲಿ ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಪೆಟ್ಟಿಗೆ ಎತ್ತೋಕೆ ಆಳು ಸಿಗಲ್ಲ ಅಂತಾರಲ್ಲ, ಹೀಗೆ ಪುಕ್ಕಟೆ ಸಿಗೋವಾಗ ಯಾಕೆ ಹುಡುಕ್ತಾರೆ? ಮತ್ತೆ ಗೋಡೆ. ನೋಡೋ ಕೆಲಸದೋರು ಕೂರಲೇಬೇಕು. ಕೂರದೆ ಇದ್ದರೆ ಕಣ್ಣಿದ್ದೂ ಕುರುಡು. ನಮ್ಮ ಕಾರ್ಖಾನೇಲಿ ಕೂರೋದನ್ನ ಕಡಿಮೆ ಮಾಡಿದ ತಿಂಗಳೇ ಒಬ್ಬ ಹೆಂಗಸಿನ ಕೈ ಹೋಯ್ತು. ನನ್ನಿಂದಲೇ ಹೋಯ್ತು." ಅಳು ಬಂದರೂ ಪರವಾಗಿಲ್ಲ ಎಂದಿದ್ದರಲ್ಲ ಟೀಚರ್; ಅವರ ಮೇಲಿನ ಹಟಕ್ಕಾದರೂ ಅಳಬಾರದೆಂದು ವೇದಿಕೆಯಿಂದ ಕಣ್ಣು ತೆಗೆಯದೆ ಮುಂದುವರಿದಳು. "ಇಪ್ಪತ್ತಾರು ವರ್ಷ ನೋಡಿದೀನಿ. ಈಗ ಒಂದು ವರ್ಷ ಕೂತು, ಸರಿಯಾದ ಕೆಲಸ ಹುಡುಕೋಕೆ ಬಿಡಿ ಅಂತ ಕೇಳ್ತಿದೀವಿ. ಭಿಕ್ಷೆ ಅಲ್ಲ. ಪಾಪ ಅನ್ನಬೇಡಿ, ಸೋಮಾರಿ ಅಂತಲೂ ಅನ್ನಬೇಡಿ. ಎರಡೂ ಒಂದೇ ಜಾತಿಯ ಬೈಗುಳ."

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗದರಿಸುವವರಂತೆ ಕಾಣಲಿಲ್ಲ, ಅವರ ಮುಖದಲ್ಲಿ ಒಂದು ಬಗೆಯ ಕಳಕಳಿ ಇತ್ತು. "ನೋಡಮ್ಮಾ, ಇದನ್ನ ಹೇಳಿಕೆ ಅಂತ ಬರ್ಕೊಂಡ್ರೆ ನಿಮ್ಮ ಭತ್ಯೆ ನಿಲ್ಲುತ್ತೆ. ಅಂಗಡಿಯವರ ಮೇಲೂ ಕ್ರಮ ಆಗುತ್ತೆ. ಸಿಟ್ಟಲ್ಲಿ ಆಡಿದ ಮಾತು ಅಂತ ಬಿಟ್ಟುಬಿಡ್ಲಾ?"

"ಬರ್ಕೊಳ್ಳಿ," ಎಂದಳು.

ಹತ್ತು ನಿಮಿಷ ವಿರಾಮ ಎಂದು ಗಂಟೆ ಬಾರಿಸಿದರು. ಹೊರಗಿನ ಮೊಗಸಾಲೆಯಲ್ಲಿ ಜನ ಅವಳಿಂದ ನಾಲ್ಕು ಮಾರು ದೂರ ನಿಂತು ನೋಡುತ್ತಿದ್ದರು. ಟೀಚರ್ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದು, ಅವಳ ಕೈಯನ್ನು ಒಮ್ಮೆ ಒತ್ತಿ, ಹೇಳದೆಯೇ ಹೋದರು. ಅದಕ್ಕಾಗಿ ಅವಳಿಗೆ ಅವರ ಮೇಲೆ ಪ್ರೀತಿ ಹುಟ್ಟಿತು. ತಮ್ಮ ಬಂದು ಗೋಡೆಗೊರಗಿ ನಿಂತ. ಅಂಗಿಯ ಕಂಕುಳು ಒದ್ದೆಯಾಗಿತ್ತು.

"ನಾನು ನಿನ್ನ ಹೆಸರು ಎತ್ತಿರಲಿಲ್ಲ ಅಕ್ಕಾ," ಎಂದ.

"ಅದಕ್ಕೇ ನಾನು ಎತ್ತಬೇಕಾಯ್ತು."

"ಮನೆ ಮಾತನ್ನ ಹೀಗೆ ಬೀದಿಗೆ ತರ್ತಾರಾ? ಉಗ್ರಾಣದಲ್ಲಿ ನಿನಗೆ ಏನಾದರೂ ಕಮ್ಮಿ ಮಾಡಿದ್ನಾ? ದಿನಾ ಮಧ್ಯಾಹ್ನ ನಾನೇ ಕಾಫಿ ತಂದು ಕೊಡ್ತಿದ್ದೆ."

ತಂದುಕೊಟ್ಟಿದ್ದ, ನಿಜ. ಸಕ್ಕರೆ ಕಡಿಮೆ ಹಾಕಿಸಿ, ಅವಳಿಗೆ ಹೇಗೆ ಬೇಕೋ ಹಾಗೆ. ಅವಳಿಗೆ ಒಂದು ಕ್ಷಣ ಎಲ್ಲವೂ ಅದಲುಬದಲಾಗಿ, ತಪ್ಪು ಮಾಡಿದವಳು ತಾನೇ ಎನಿಸಿತು. ಆ ಕಾಫಿಯನ್ನು ಗೋಡೆಯೆದುರಿನ ಕುರ್ಚಿಗೇ ತಂದು ಕೊಡುತ್ತಿದ್ದನಲ್ಲ. ಆಗ ಅವನಿಗೆ ನಗು ಬರುತ್ತಿತ್ತೇ, ಅಥವಾ ಇವತ್ತೇ ಬಂದದ್ದೇ? ಕೇಳಿದರೆ ಅವನಿಗೂ ಉತ್ತರ ಗೊತ್ತಿರಲಾರದು.

ಟೈಪ್ ಮಾಡುತ್ತಿದ್ದ ಹೆಂಗಸು ಒಂದು ಹಾಳೆ ಹಿಡಿದುಕೊಂಡು ಹುಡುಕುತ್ತ ಬಂದಳು. "ಓದಿ ರುಜು ಮಾಡಿ. ರುಜು ಆದ್ಮೇಲೇನೇ ಇದು ಕಡತಕ್ಕೆ ಹೋಗೋದು," ಎಂದಳು.

ತಮ್ಮ ಒಂದು ಹೆಜ್ಜೆ ಮುಂದೆ ಬಂದ. "ಇನ್ನೂ ಹೋಗಿಲ್ಲ ಅಂತಾಯ್ತಲ್ಲ. ಅಕ್ಕಾ, ಬಿಟ್ಟುಬಿಡು. ನಿನ್ನ ಭತ್ಯೆ ಉಳಿಯುತ್ತೆ, ನನ್ನ ಮಾನ ಉಳಿಯುತ್ತೆ. ನಾನೇ ಒಳಗೆ ಹೋಗಿ ಆ ಗೋಡೆ ಮಾತು ತಮಾಷೆಗೆ ಅಂದದ್ದು ಅಂತೀನಿ. ಸಂಜೆ ಮನೇಲಿ ಕೂತು ಮಾತಾಡೋಣ."

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲಿನಿಂದ ಓದಿದಳು. ಟೈಪ್ ಚೆನ್ನಾಗಿತ್ತು, ಒಂದು ಅಕ್ಷರ ಬಿಟ್ಟಿರಲಿಲ್ಲ. ನಾಲ್ಕನೆಯ ಸಾಲಿನಲ್ಲಿ, ಸದರಿ ಮಹಿಳೆಯು ತನ್ನ ಸಹೋದರನ ಅಂಗಡಿಯಲ್ಲಿ ಮೂರು ವಾರಗಳ ಕಾಲ ಸಹಾಯ ಮಾಡಿರುತ್ತಾಳೆ, ಎಂದಿತ್ತು.

"ಸಹಾಯ ಅಂತ ನಾನು ಹೇಳಲಿಲ್ಲ," ಎಂದಳು.

"ಅವರು ನಿಮ್ಮನ್ನ ಅಕ್ಕಾ ಅಂದ್ರಲ್ಲ, ಮನೆಯವರೇ ಅಂತ ಹಾಗೆ ಹಾಕ್ದೆ," ಎಂದಳು ಟೈಪಿನವಳು. "ಸಹಾಯ ಅಂತಿದ್ರೆ ಭತ್ಯೆ ನಿಲ್ಲದೇ ಇರಬಹುದು, ನೋಡಿ. ನಿಮ್ಮ ಒಳ್ಳೇದಕ್ಕೇ."

ಪಾಪ, ಒಳ್ಳೆಯ ಹೆಂಗಸು. ಸುತ್ತ ಎಲ್ಲರೂ ಒಳ್ಳೆಯವರೇ. ಅವಳು ತಮ್ಮನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಅವನು ತಡೆಯಲಿಲ್ಲ, ತಡೆಯಬಹುದೆಂದು ಹೊಳೆಯಲೇ ಇಲ್ಲವೇನೋ. ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಸಹಾಯ" ಎಂಬುದನ್ನು ಎರಡು ಗೆರೆ ಎಳೆದು ಹೊಡೆದು ಹಾಕಿ, ಮೇಲೆ ದಪ್ಪವಾಗಿ "ಕೆಲಸ" ಎಂದು ಬರೆದಳು. ಅವಸರ ಮಾಡದೆ, ಪೂರ್ತಿ ಹೆಸರಿನಲ್ಲಿ ರುಜು ಹಾಕಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕದೆ ಅದನ್ನು ತಮ್ಮನ ಕಡೆಗೆ ಚಾಚಿದಳು.

"ಕೆಳಗೆ ಮಾಲೀಕರ ರುಜುಗೂ ಜಾಗ ಬಿಟ್ಟಿದ್ದಾರೆ ನೋಡು," ಎಂದಳು.